ಹೌದು ಅನ್ನುವವನ ಜಾಗ

ಪೀಣ್ಯ ಎರಡನೇ ಹಂತ,
೧೪ ಅಕ್ಟೋಬರ್ ೨೦೨೪

ಪ್ರೀತಿಯ ಮಹಾದೇವಿ,

ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯೋ ಇಲ್ಲವೋ, ಮೊದಲು ಅದನ್ನು ಹೇಳು. ಎರಡು ತಿಂಗಳಿಂದ ನೀನು ಫೋನ್ ಮಾಡಿದಾಗಲೆಲ್ಲ ನಾನು "ಕಳಿಸ್ತೀನಿ, ಕಳಿಸ್ತೀನಿ" ಎನ್ನುತ್ತಲೇ ಬಂದೆ. ಬೈಯಬೇಕೆನಿಸಿದರೆ ಬೈದುಬಿಡು. ರೇವಣಸಿದ್ದ ತೀರಿಕೊಂಡ ಮೇಲೆ ನೀನು ಕೇಳಿದ್ದು ಒಂದೇ: "ಅಕ್ಕಾ, ನಮ್ಮನಿಯವ್ರ ದನಿ ಇರೂದು ನಿಮ್ಮ ಹತ್ರ ಅಷ್ಟ. ಅದನ್ನ ಕಳಿಸ್ರಿ." ಗಂಡನ ಫೋಟೊ ಇದೆ, ಅಂಗಿ ಇದೆ, ದನಿ ಮಾತ್ರ ಇಲ್ಲ ಎಂದು ಅತ್ತಿದ್ದೆಯಲ್ಲ, ಅದು ನನ್ನ ಕಿವಿಯಿಂದ ಹೋಗಿಲ್ಲ.

ಪತ್ರದ ಜೊತೆ ಪೆನ್‌ಡ್ರೈವ್ ಇಟ್ಟಿದ್ದೇನೆ. ಫೆಬ್ರವರಿಯಲ್ಲಿ ನಮ್ಮ ರೂಮಿನಲ್ಲಿ ನೀನು ಹಾಡಿದ ನಿಮ್ಮೂರ ಕಡೆಯ ಸಣ್ಣಾಟದ ಹಾಡು, ರಾಣಿ ಗಂಡನನ್ನು ದಂಡಿಗೆ ಕಳಿಸುವುದು, ಅದರಲ್ಲಿದೆ.

ಇಲ್ಲಿ ಎಲ್ಲ ಹಾಗೇ ಇದೆ. ಕೆಳಗಡೆ ದೇವರಾಜ್ ಅವರ ಪ್ರೆಸ್ ಮಷಿನ್‌ಗಳು ಧಡ್ ಧಡ್ ಅನ್ನುತ್ತಲೇ ಇರುತ್ತವೆ. ಅವರ ಹುಡುಗರು ಟೀಗೆ ಎದ್ದ ಹದಿನೈದು ನಿಮಿಷದಲ್ಲೇ ನನ್ನ ರೆಕಾರ್ಡಿಂಗ್ ಮುಗಿಯಬೇಕು. ನಿನ್ನೆ ಸೊಪ್ಪಿನ ಗಾಡಿಯವನ ಸ್ಪೀಕರಿಗೆಂದು "ದಂಟು, ಮೆಂತ್ಯ, ಸಬ್ಬಸಿಗೇ" ಎಂದು ಕೂಗಿಕೊಟ್ಟೆ. ಇನ್ನು ಜಾಲಹಳ್ಳಿಯ ಬೀದಿಬೀದಿಯಲ್ಲೂ ನನ್ನ ಗಂಟಲೇ. ನಗಬೇಡ.

ನಿನ್ನ ಹಾಡೂ ಅಂಥದ್ದೇ ಟೀ ಬಿಡುವಿನಲ್ಲಿ ಆದದ್ದು. ಮಾದನಾಯಕನಹಳ್ಳಿಯ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದ ರೇವಣಸಿದ್ದ ಅರ್ಧ ದಿನ ರಜೆ ಹಾಕಿ ಬಂದು, ನಿನ್ನ ಹಿಂದೆ ಇನ್ನೊಂದು ಮೈಕಿನ ಮುಂದೆ ಕೂತ. ನೀನು ಒಂದು ಸಾಲು ಮುಗಿಸಿ ನಿಂತೆ. ಅವನು "ಹೌದವ್ವ ಹೌದು!" ಎಂದು ಆ ಸಾಲನ್ನು ಎತ್ತಿಕೊಂಡ. ಅಯ್ಯೋ ರಾಮ, ಇದೇನು ಗಲಾಟೆ ಎಂದು ನಾನು ಕೈಸನ್ನೆಯಲ್ಲಿ ಅವನ ಬಾಯಿ ಮುಚ್ಚಿಸಲು ನೋಡಿದೆ. "ಹಿಮ್ಮೇಳ ಇಲ್ದ ಹೆಂಗ ಹಾಡ್ಲಿ ಅಕ್ಕಾ? ಹೌದು ಅನ್ನಾವ್ರು ಬೇಕಲ್ಲ" ಎಂದೆ ನೀನು. ಕೊನೆಯ ಸಾಲಿನಲ್ಲಿ ನಿನ್ನ ದನಿ ಒಡೆಯಿತು. ಅವನು ತಟ್ಟನೆ ಎತ್ತಿಕೊಂಡು ನಿನ್ನನ್ನು ದಡ ಮುಟ್ಟಿಸಿದ. ಟೀ ಹೊತ್ತು ಮುಗಿದರೂ ಕೆಳಗೆ ಮಷಿನ್ ಶುರುವಾಗಲಿಲ್ಲ. ಹುಡುಗರೆಲ್ಲ ನಮ್ಮ ಮೆಟ್ಟಿಲ ಮೇಲೆ ಕೂತಿದ್ದರು.

ಮೂವತ್ತು ವರ್ಷ ಈ ಕೆಲಸ ಮಾಡಿ ನಾನು ಕಲಿತದ್ದು ಇಷ್ಟೇ: ಒಳ್ಳೆಯ ರೆಕಾರ್ಡಿಂಗ್ ಎಂದರೆ ಒಂದು ಗಂಟಲು, ಸುತ್ತ ಏನೂ ಇರಬಾರದು. ದೊಡ್ಡ ಜಾಣೆ ನಾನು! ಮೊನ್ನೆ ದೇವರಾಜ್‌ಗೆ ಈ ಹಾಡು ಕೇಳಿಸಿದೆ. ತಲೆ ಕೆರೆದುಕೊಂಡು, "ಸಕ್ಕತ್ತಾಗೈತೆ ಮೇಡಂ. ಆದ್ರೆ ಅವತ್ತು ನಮ್ ಹುಡುಗ್ರು ಮಷಿನ್ ಬಿಟ್ಟು ಕೂತಿದ್ದು ಇದಕ್ಕಲ್ಲ ಕಣ್ರೀ" ಎಂದರು. ನನಗೆ ಸಿಟ್ಟು ಬಂತು. ಅವರು ಇಳಿದುಹೋದ ಮೇಲೆ ಅಳು ಬಂತು.

ನಿನ್ನ ಮಗಳು, ಮೊಮ್ಮಗು ನೂರು ಕಾಲ ಬಾಳಲಿ. ನಿನ್ನ ಬಾಯಲ್ಲಿ ಮತ್ತೆ ಹಾಡು ಬರಲಿ.

ನಿನ್ನ,
ಶ್ಯಾಮಲಕ್ಕ

ತಾ.ಕ.: ಇದನ್ನು ಮೊದಲೇ ಬರೆಯಬೇಕಿತ್ತು, ಕೈ ಬರಲಿಲ್ಲ. ಈ ಹಾಡಿನಲ್ಲಿ ರೇವಣಸಿದ್ದ ಇಲ್ಲ. ನೀನು ಮಗಳ ಬಾಣಂತನಕ್ಕೆಂದು ಊರಿಗೆ ಹೋದ ವಾರವೇ ಅವನ ದನಿಯನ್ನು ಗಲಾಟೆ ಎಂದುಕೊಂಡು ನಾನೇ ಅಳಿಸಿದೆ. ಕಂಪ್ಯೂಟರ್ ರಿಪೇರಿಯವರಿಗೆಲ್ಲ ತೋರಿಸಿದೆ, ಇನ್ನು ಸಿಗುವುದಿಲ್ಲವಂತೆ. ಅವನಿಗೆ ಗೊತ್ತಿತ್ತು ಮಹಾದೇವಿ. ಒಂದು ದಿನ ಬಂದು ಪೂರ್ತಿ ಹಾಡು ಕೇಳಿ, "ನಾ ಎಲ್ಲಿ ಹೋದ್ನಿರಿ ಅಕ್ಕಾರ?" ಎಂದು ನಕ್ಕ. "ಈಗಲೇ ಕೂತು ಹಾಡು" ಎನ್ನಬೇಕಿತ್ತು ನಾನು. ಟೀ ಮುಗಿದು ಕೆಳಗೆ ಮಷಿನ್ ಶುರುವಾಗಿತ್ತು, ಇನ್ನೊಮ್ಮೆ ನೋಡೋಣ ಎಂದೆ. "ಆಕಿ ಬರ್ಲಿ, ಕೂಡಿ ಹಾಡ್ತೀವಿ. ಅಲ್ಲೀತನಕ ಆಕಿಗೆ ಹೇಳಬ್ಯಾಡ್ರಿ, ಬ್ಯಾಸರ ಮಾಡ್ಕೋತಾಳ" ಎಂದು ಹೊರಟ. ನೀನು ಬರುವಷ್ಟರಲ್ಲಿ ಅವನೇ ಇರಲಿಲ್ಲ.

ನೀನು ನಿಂತ ಜಾಗಗಳನ್ನು ಮಾತ್ರ ನಾನು ಕತ್ತರಿಸಿಲ್ಲ. ಪ್ರತಿ ಸಾಲಿನ ಕೊನೆಗೂ ನೀನು ಅವನಿಗಾಗಿ ಕಾಯುವುದು ಕೇಳುತ್ತದೆ. ಒಬ್ಬಳೇ ಕೂತು ಕೇಳಬೇಡ. ಹೌದು ಅನ್ನಲು ಮಗಳನ್ನು ಪಕ್ಕದಲ್ಲಿ ಕೂರಿಸಿಕೊ.