ಲೀಟರಿಗೆ ಇಪ್ಪತ್ತನಾಲ್ಕು ಕಿಲೋಮೀಟರು

ತೋಕಾಮಾಚಿ
19 ಫೆಬ್ರವರಿ 2014, ಬುಧವಾರ ಮಧ್ಯಾಹ್ನ

ಪ್ರೀತಿಯ ಫುಸಾಯೆ,

ಹೀಗೆ ಶುರು ಮಾಡಿದ್ದನ್ನು ನೋಡಿ ನಗಬೇಡ. ಮದುವೆಯಾಗಿ ನಲವತ್ತೊಂದು ವರ್ಷದಲ್ಲಿ ನಿನ್ನನ್ನು ಹೆಸರು ಹಿಡಿದು ಕರೆದದ್ದೇ ಅಪರೂಪ. ‘ಏಯ್’, ‘ಇಲ್ನೋಡು’ ಇಷ್ಟರಲ್ಲೇ ಸಂಸಾರ ನಡೆದುಹೋಯಿತು. ಕಾಗದದ ಮೇಲೆ ‘ಏಯ್’ ಎಂದು ಬರೆಯುವಂತಿಲ್ಲವಲ್ಲ. ಹೇಗಿದ್ದೀಯ? ಕಾಶಿವಾಜಾಕಿಯಲ್ಲಿ ಹಿಮ ಕಡಿಮೆ, ಆದರೆ ಸಮುದ್ರದ ಗಾಳಿ ಮೈ ಕೊರೆಯುತ್ತದೆ ಎಂದು ರೇಡಿಯೋದವರು ಹೇಳುತ್ತಾರೆ. ಈಗ ದಿನವೂ ನಮ್ಮೂರಿನ ಹವಾಮಾನದ ಜೊತೆ ನಿಮ್ಮಕ್ಕನ ಊರಿನದನ್ನೂ ಕೇಳುತ್ತೇನೆ. ಕೈ ಹೇಗಿದೆ? ಬಲಗೈ ಬೆರಳ ತುದಿಯ ಬಿರುಕು ಮಾಗಿತೇ? ಮುಲಾಮಿನ ಹೊಸ ಡಬ್ಬಿಯನ್ನು ಇಲ್ಲೇ ಕನ್ನಡಿಯ ಹಿಂದೆ ಮರೆತು ಹೋಗಿದ್ದೀಯ. ಇದರ ಜೊತೆಯಲ್ಲೇ ಕಳಿಸೋಣವೆಂದರೆ ಲಕೋಟೆಗೆ ಹಿಡಿಸಲಿಲ್ಲ. ಅಲ್ಲೇ ಒಂದು ಕೊಂಡುಕೋ.

ಇಲ್ಲಿ ಮನೆಯ ಮುಂದಿನ ಹಿಮ ಕಿಟಕಿಯ ಅರ್ಧಕ್ಕೆ ಬಂದಿದೆ. ಮಾಡಿನ ಮೇಲಿನದನ್ನು ಎರಡು ಸಲ ಎಳೆದು ಹಾಕಿದೆ. ಸೊಂಟ ಹಿಡಿದುಕೊಂಡಿತು, ಈಗ ಬಿಟ್ಟಿದೆ. ಮಿಸೊ ಸಾರು ಮಾಡಲು ಕಲಿತೆ. ಮೊದಲ ದಿನ ಎಷ್ಟು ಉಪ್ಪಾಯಿತೆಂದರೆ ಬಿಸಿನೀರು ಬೆರೆಸಿ ಬೆರೆಸಿ ಮೂರು ದಿನ ಅದನ್ನೇ ಕುಡಿದೆ. ನಿನ್ನ ಮಗ್ಗದ ಕೋಣೆಯಲ್ಲಿ ಬೆಳಿಗ್ಗೆ ಒಂದು ಗಂಟೆ ಸೀಮೆಎಣ್ಣೆಯ ಒಲೆ ಹೊತ್ತಿಸುತ್ತೇನೆ, ರೇಷ್ಮೆ ನೂಲು ಮುಗ್ಗಬಾರದೆಂದು. ಮಗ್ಗದ ಮೇಲಿನ ಬಟ್ಟೆಯನ್ನು ಮುಟ್ಟಿಲ್ಲ. ಹೊದಿಸಿದ ಬಿಳಿ ಪಂಚೆ ಹಾಗೇ ಇದೆ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು ಎನ್ನುತ್ತೀಯ. ಎರಡು ಸಲ ಮಾಡಿದೆನಲ್ಲ. ನೀನು ‘ಊಟ ಆಯ್ತಾ’ ಅಂದೆ, ನಾನು ‘ಆಯ್ತು’ ಅಂದೆ, ಅಷ್ಟಕ್ಕೇ ಮುಗಿಯಿತು. ಹೇಳಬೇಕಾಗಿದ್ದದ್ದನ್ನು ಹೇಳದೆಯೇ ಫೋನು ಇಟ್ಟೆ. ಅದಕ್ಕೇ ನಮ್ಮ ಬಿಸಿಮೇಜು ಕೊತಾತ್ಸುವಿನ ಹೊದಿಕೆಯೊಳಗೆ ಬೆಚ್ಚಗೆ ಕಾಲು ಚಾಚಿಕೊಂಡು ಬರೆಯುತ್ತಿದ್ದೇನೆ. ನೋಡು, ನಾನು ಬೆಚ್ಚಗಿದ್ದೇನೆ ಎಂದು ಬರೆಯುವುದಕ್ಕೂ ನಾಚಿಕೆಯಾಗುತ್ತಿದೆ.

ಕಾರಿನ ವಿಷಯ. ಹೈಬ್ರಿಡ್ ಕಾರು ಮನೆಗೆ ಬಂದ ಮೊದಲ ಚಳಿಗಾಲ, ಒಂದು ಬೆಳಿಗ್ಗೆ ನೀನು ‘ರೀ, ಇದರಲ್ಲಿ ಬಿಸಿಗಾಳಿ ಬರಲ್ವಾ’ ಎಂದು ಕೇಳಿದೆ. ನಾನು ಗಂಭೀರವಾಗಿ ‘ಈ ಕಾರೇ ಹಾಗೆ. ಎಂಜಿನ್ ಅರ್ಧ ಹೊತ್ತು ನಿಂತೇ ಇರುತ್ತೆ, ಬಿಸಿಗಾಳಿ ಎಲ್ಲಿಂದ ಬರ್ಬೇಕು?’ ಎಂದೆ. ಅರ್ಧ ನಿಜ ಸೇರಿಸಿ ಹೇಳಿದ ಸುಳ್ಳು ಅದು. ಎಂಜಿನ್ ನಿಲ್ಲುವುದು ನಿಜ. ಆದರೆ ಹೀಟರು ಹಾಕಿದರೆ ಅದು ನಿಲ್ಲುವುದಿಲ್ಲ, ಒಳಗೆ ಬೆಚ್ಚಗಿಡಲೆಂದೇ ಓಡುತ್ತ ಪೆಟ್ರೋಲು ಕುಡಿಯುತ್ತದೆ. ಲೀಟರಿಗೆ ಇಪ್ಪತ್ತೆರಡು ಕಿಲೋಮೀಟರು ಓಡುವ ಗಾಡಿ ಹದಿನೇಳಕ್ಕೆ ಇಳಿಯುತ್ತದೆ. ಆ ಹದಿನೇಳನ್ನು ಕಣ್ಣಿಂದ ನೋಡಲಾರದೆ ನಿನಗೆ ಸುಳ್ಳು ಹೇಳಿದೆ. ನೀನು ನಂಬಿದೆ. ನಂಬಿದ್ದಷ್ಟೇ ಅಲ್ಲ, ಪಕ್ಕದ ಮನೆಯವರು ಕೇಳಿದಾಗ ‘ಹೀಟರ್ ಅಷ್ಟಕ್ಕಷ್ಟೆ, ಆದ್ರೆ ಪೆಟ್ರೋಲ್ ತುಂಬಾ ಉಳಿಯುತ್ತೆ’ ಎಂದು ನನ್ನ ಕಾರಿನ ಮಾನ ಕಾಪಾಡಿದೆ. ನಾನು ಪಕ್ಕದಲ್ಲೇ ಸಲಿಕೆ ಹಿಡಿದು ನಿಂತಿದ್ದೆ.

ಈ ಚಳಿಗಾಲ ನೆಗಿಶಿ ತನ್ನ ಕಾರಿನ ಅಂಗಡಿಯಲ್ಲಿ ಸ್ಪರ್ಧೆ ಇಟ್ಟ. ಡಿಸೆಂಬರ್ ಒಂದರಿಂದ ಫೆಬ್ರವರಿ ಹದಿನೈದರವರೆಗೆ ಯಾರ ಹೈಬ್ರಿಡ್ ಲೀಟರಿಗೆ ಹೆಚ್ಚು ದೂರ ಓಡುತ್ತದೆಯೋ ಅವರಿಗೆ ಬಹುಮಾನ. ಗೋಡೆಗೆ ಹಲಗೆ ನೇತುಹಾಕಿ ವಾರವಾರ ಹೆಸರು ಬರೆಯುತ್ತಿದ್ದ. ನನ್ನ ಹೆಸರು ಎರಡನೆಯದು, ತೋಫು ಮಾಡುವ ಕುವಾಬಾರ ಮೊದಲನೆಯವನು. ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ, ಯಾಕೆ ಅಷ್ಟು ಹುಚ್ಚು ಹಿಡಿಯಿತು ಎಂದು. ಮೂವತ್ತನಾಲ್ಕು ವರ್ಷ ಪುರಸಭೆಯ ಹಿಮ ತೆಗೆಯುವ ಗಾಡಿ ಓಡಿಸಿದೆ. ಊರು ಏಳುವ ಮೊದಲೇ ರಸ್ತೆ ಮಾಡಿಕೊಡುತ್ತಿದ್ದೆ. ಎಷ್ಟು ಡೀಸೆಲ್ ಸುಟ್ಟೆ ಎಂದು ಒಬ್ಬರೂ ಕೇಳಲಿಲ್ಲ, ಬದಲಿಗೆ ಎಲ್ಲರೂ ತಲೆ ಬಾಗಿಸಿ ವಂದಿಸುತ್ತಿದ್ದರು. ನಿವೃತ್ತನಾದ ಮರುವರ್ಷವೇ ಅದೇ ಜನ ನನ್ನನ್ನು ದಾಟಿ ಹೋಗತೊಡಗಿದರು. ಆ ಹಲಗೆಯ ಮೇಲೆ ನನ್ನ ಹೆಸರು ಕಂಡಾಗ ಮತ್ತೆ ಯಾರೋ ಆದಂತಾಯಿತು. ಅರುವತ್ತೇಳರ ಮುದುಕನಿಗೆ ಇಂಥ ಆಸೆ. ನಗಬೇಕಾದರೆ ಇಲ್ಲಿ ನಗು.

ಏನೇನು ಮಾಡಿದೆ ಎಂಬುದು ನಿನಗೆ ಅರ್ಧ ಗೊತ್ತು. ಟಯರಿಗೆ ಕಲ್ಲಿನಂತೆ ಗಾಳಿ ತುಂಬಿಸಿದೆ. ಎಂಜಿನ್ ಬೇಗ ತಣ್ಣಗಾಗದಿರಲೆಂದು ಮುಂದಿನ ಜಾಲರಿಗೆ ರಟ್ಟು ಸಿಕ್ಕಿಸಿದೆ. ಕೆಂಪು ದೀಪ ದೂರದಲ್ಲಿ ಕಂಡ ಕೂಡಲೇ ಕಾಲು ತೆಗೆದು ಗಾಡಿಯನ್ನು ತೇಲಲು ಬಿಡುತ್ತಿದ್ದೆ. ಹಿಂದೆ ಬರುವವರು ಹಾರ್ನ್ ಹೊಡೆದರೆ ನೀನು ಹಿಂದಕ್ಕೆ ತಿರುಗಿ ಅವರಿಗೆ ನಮಸ್ಕಾರ ಮಾಡುತ್ತಿದ್ದೆ. ಭಾರ ಕಡಿಮೆ ಮಾಡಲು ಡಿಕ್ಕಿಯಿಂದ ಎರಡನೇ ಸಲಿಕೆ, ನೀನು ಕೂರುವ ಮಡಿಸುವ ಸ್ಟೂಲು, ಕೊನೆಗೆ ಛತ್ರಿಯನ್ನೂ ತೆಗೆದೆ. ನಿನ್ನ ಮಂಡಿಯ ಮೇಲಿನ ಹೊದಿಕೆಯನ್ನು ಮಾತ್ರ ಬಿಟ್ಟು, ಅದೇ ದೊಡ್ಡ ಉಪಕಾರವೆಂದುಕೊಂಡೆ. ಹೀಟರು ಇಲ್ಲದೆ ಗಾಜೆಲ್ಲ ಮಂಜು ಹಿಡಿಯುತ್ತಿತ್ತಲ್ಲ, ದಾರಿಯುದ್ದಕ್ಕೂ ನೀನು ಬಟ್ಟೆಯ ಚೂರಿನಿಂದ ಒರೆಸುತ್ತಿದ್ದೆ, ನನ್ನ ಕಡೆಯದನ್ನು ಮೊದಲು, ಆಮೇಲೆ ನಿನ್ನದು. ಒದ್ದೆ ಬಟ್ಟೆ, ಆ ಕೈ. ನಾನು ರಸ್ತೆ ಚೆನ್ನಾಗಿ ಕಾಣುತ್ತಿದೆ ಎಂದು ಖುಷಿಪಟ್ಟೆ.

ಜನವರಿ ಹೊತ್ತಿಗೆ ನೀನು ನೇಯ್ದ ಬಟ್ಟೆಯನ್ನು ಅಂಗಡಿಗೆ ಕೊಡಲು ಬಸ್ಸಿನಲ್ಲೇ ಹೋಗತೊಡಗಿದೆ. ‘ನನಗೆ ಬಸ್ಸೇ ಹಿತ, ನೀವು ಆರಾಮಾಗಿರಿ’ ಅಂದೆ. ಬಸ್ಸಿನಲ್ಲಿ ಬೆಚ್ಚಗಿರುತ್ತದೆ ಎಂದು ನೀನು ಹೇಳಲಿಲ್ಲ, ನಾನೂ ಕೇಳಲಿಲ್ಲ. ನಲವತ್ತಾರು ಕಿಲೋ ಭಾರ ಇಳಿಯಿತು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಹೌದು, ನಿನ್ನ ತೂಕವನ್ನೇ. ಇದನ್ನು ಬರೆದು ಐದು ನಿಮಿಷ ಪೆನ್ನು ಕೆಳಗಿಟ್ಟಿದ್ದೆ. ಒಲೆಯ ಮೇಲಿನ ನೀರು ಕುದಿಯುತ್ತಿತ್ತು, ಎದ್ದು ಅದನ್ನು ಇಳಿಸಿ ಬಂದೆ.

ಇನ್ನು ಜನವರಿ ಇಪ್ಪತ್ತೆಂಟು. ಆವತ್ತು ಹಿಮದಿಂದಾಗಿ ಬಸ್ಸು ಓಡುತ್ತಿರಲಿಲ್ಲ ಎಂದು ನೀನು ನನ್ನ ಜೊತೆ ಬಂದಿದ್ದೆ. ಸೇತುವೆಯ ಹತ್ತಿರ ಹಿಮದಲ್ಲಿ ಒತಾಕಿಯವರು ನಿಂತಿದ್ದರು. ನನ್ನ ಹಳೆಯ ಮೇಲಧಿಕಾರಿ, ನಿನಗೆ ಗೊತ್ತಲ್ಲ. ಗಾಡಿ ನಿಲ್ಲಿಸಿದೆ. ದೊಡ್ಡವರು ಬಂದರೆಂದು ನೀನೇ ಇಳಿದು ಮುಂದಿನ ಸೀಟು ಬಿಟ್ಟುಕೊಟ್ಟು, ಹಿಂದೆ ಹೋಗಿ ಕೂತೆ. ಅವರು ಬೆಲ್ಟು ಹಾಕಿಕೊಳ್ಳುವ ಮೊದಲೇ ನನ್ನ ಕೈ ಹೋಗಿ ಹೀಟರಿನ ಗುಂಡಿ ಒತ್ತಿತ್ತು. ಯೋಚಿಸಿ ಮಾಡಿದ್ದಲ್ಲ. ಮೇಲಧಿಕಾರಿಗೆ ಚಳಿಯಾಗಬಾರದು ಎಂಬುದು ಮೈಗೇ ಗೊತ್ತಿತ್ತು. ಎಂಜಿನ್ ಬಿಸಿಯಾಗಿಯೇ ಇತ್ತು, ಅರೆಗಳಿಗೆಯಲ್ಲಿ ಬಿಸಿಗಾಳಿ ಬುಸ್ಸೆಂದು ಬಂತು. ಅವರು ಕೈಗವಸು ಕಳಚಿ ‘ಆಹಾ, ನಿನ್ನ ಕಾರು ಸ್ವರ್ಗ ಕಣಯ್ಯಾ’ ಅಂದರು.

ಆಗ ಹಿಂದಿನಿಂದ ಎರಡು ಸೀಟುಗಳ ನಡುವೆ ನಿನ್ನ ಕೈ ಮುಂದಕ್ಕೆ ಬಂತು. ಬೆರಳ ತುದಿಗಳು ಸುಣ್ಣ ಬಳಿದಂತೆ ಬಿಳಿಚಿಕೊಂಡಿದ್ದವು. ಗಾಳಿ ಬರುವ ಕಿಂಡಿಯ ಮುಂದೆ ನೀನು ಅದನ್ನು ಹಿಡಿದೆ, ಸುಮ್ಮನೆ ಹಿಡಿದುಕೊಂಡೇ ಇದ್ದೆ. ಒತಾಕಿಯವರು ತಿರುಗಿ ‘ಏನಮ್ಮಾ, ಚಳಿನಾ’ ಎಂದು ಕೇಳಿದರು. ನೀನು ‘ಇಲ್ಲ, ಬಿಸಿ ಬರುತ್ತಾ ಅಂತ ನೋಡಿದೆ. ಬರುತ್ತೆ’ ಎಂದೆ. ಕೈ ಹಿಂದಕ್ಕೆ ತೆಗೆದುಕೊಂಡೆ. ನನಗೆ ಕನ್ನಡಿಯಲ್ಲಿ ನಿನ್ನ ಮುಖ ನೋಡುವ ಧೈರ್ಯ ಬರಲಿಲ್ಲ. ಅವರನ್ನು ಇಳಿಸಿದ ಮೇಲೂ ನೀನು ಮುಂದೆ ಬಂದು ಕೂರಲಿಲ್ಲ. ಮನೆಗೆ ಬಂದು ಅಕ್ಕಿ ತೊಳೆದೆ, ಮೀನು ಸುಟ್ಟೆ, ಬಡಿಸಿದೆ. ಎರಡು ದಿನ ಬಿಟ್ಟು ‘ಅಕ್ಕನ ಮನೇಲಿ ಸ್ವಲ್ಪ ದಿನ ಇದ್ದು ಬರ್ತೀನಿ’ ಎಂದು ರೈಲು ಹತ್ತಿದೆ. ಒಂದು ಮಾತು ಬೈದಿದ್ದರೆ ನಾನೂ ಒಂದು ಮಾತು ಬೈದು ಅಲ್ಲಿಗೆ ಮುಗಿಸುತ್ತಿದ್ದೆ.

ನೀನು ಹೋದ ಮೇಲೆ ನಾನು ಸ್ಪರ್ಧೆ ಬಿಟ್ಟೆ ಎಂದುಕೊಂಡಿದ್ದರೆ, ಇಲ್ಲ. ಇನ್ನೂ ಎರಡು ವಾರ ಖಾಲಿ ಕಾರನ್ನು ಹಾಗೇ ಓಡಿಸಿದೆ. ನಿಲ್ಲಿಸಿಬಿಟ್ಟರೆ ಮಾಡಿದ್ದು ತಪ್ಪೆಂದು ಒಪ್ಪಿಕೊಂಡ ಹಾಗಾಗುತ್ತದಲ್ಲ, ಆ ಹಟ. ಇಪ್ಪತ್ತನಾಲ್ಕು ದಶಮಾಂಶ ಒಂದು ಬಂತು. ಕುವಾಬಾರನಿಗೆ ಇಪ್ಪತ್ತಮೂರು ದಶಮಾಂಶ ಎಂಟು. ಕಳೆದ ಭಾನುವಾರ ನೆಗಿಶಿಯ ಅಂಗಡಿಯಲ್ಲಿ ಮಡಿಸುವ ಕುರ್ಚಿ ಹಾಕಿ ಇಪ್ಪತ್ತು ಜನರ ಮುಂದೆ ನನಗೆ ಪ್ರಶಸ್ತಿಪತ್ರ ಕೊಟ್ಟರು. ಗುಟ್ಟೇನು, ಎಲ್ಲರಿಗೂ ಹೇಳಿ ಅಂದರು. ಟಯರು ಹೇಳಿದೆ, ರಟ್ಟು ಹೇಳಿದೆ, ಕಾಲು ಹಗುರ ಇಡುವುದನ್ನು ಹೇಳಿದೆ. ಹೀಟರಿನ ಮಾತು ಬಂದಾಗ ನಾಲಗೆ ತಾನಾಗಿಯೇ ಇಂಥ ಕಡೆ ಎಲ್ಲರೂ ಹೇಳುವುದನ್ನು ಹೇಳಿತು: ‘ನನ್ನ ಹೆಂಡತಿಯ ಸಹಕಾರ ಇಲ್ಲದಿದ್ದರೆ ಇದು ಆಗುತ್ತಿರಲಿಲ್ಲ.’ ಜನ ಚಪ್ಪಾಳೆ ತಟ್ಟಿದರು. ಕುವಾಬಾರ ಎದ್ದು ನಿಂತು ‘ನನ್ನವಳಾಗಿದ್ರೆ ಮೊದಲ ದಿನವೇ ನನ್ನನ್ನ ಕಾರಿಂದ ಹೊರಗೆ ತಳ್ಳಿ ತಾನೇ ಹೀಟರ್ ಹಾಕ್ಕೊಂಡು ಹೋಗಿರೋಳು’ ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಹೊರಗೆ ಬಂದು ಕಾರಿನಲ್ಲಿ ಕೂತ ಮೇಲೆ ನನಗೆ ಗಾಡಿ ಚಾಲೂ ಮಾಡಲಾಗಲಿಲ್ಲ. ಗಾಜು ಮಂಜು ಹಿಡಿಯಿತು, ಒರೆಸುವವರು ಯಾರೂ ಇರಲಿಲ್ಲ. ಅಲ್ಲೇ ಈ ಮುದುಕ ಅತ್ತುಬಿಟ್ಟ ಎಂದು ಬರೆದರೆ ನೀನು ನಂಬುವುದಿಲ್ಲ, ಆದರೂ ಅತ್ತದ್ದು ನಿಜ.

ಮರುದಿನ ಹೋಗಿ ಪ್ರಶಸ್ತಿಪತ್ರ ವಾಪಸು ಕೊಟ್ಟು, ನಡೆದದ್ದನ್ನು ನೆಗಿಶಿಗೆ ಹೇಳಿದೆ. ಪಾಪ, ಅವನಿಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಚಹಾ ತರಿಸಿದ. ಹಲಗೆಯಿಂದ ನನ್ನ ಹೆಸರು ಅಳಿಸಿದ್ದಾನೆ. ಇದರಿಂದ ನಿನ್ನ ಕೈಗೆ ಏನೂ ಆಗಲಿಲ್ಲ ಎಂಬುದು ನನಗೆ ಗೊತ್ತು.

ನಿನ್ನೆ ಬೆಳಿಗ್ಗೆ ನಿಮ್ಮಕ್ಕ ತೊಮೊಯೆ ಫೋನು ಮಾಡಿದ್ದಳು. ಮೊದಲ ಹತ್ತು ನಿಮಿಷ ಬೈದಳು, ಅದು ಅವಳ ಹಕ್ಕು. ನವೆಂಬರಿನಲ್ಲಿ ನಾಗಾವೊಕದ ಡಾಕ್ಟರು ಈ ಬೆರಳುಗಳಿಗೆ ಚಳಿ ತಾಗಬಾರದು ಎಂದು ಅಷ್ಟು ಹೇಳಿ ಕಳಿಸಿದ್ದರಲ್ಲ, ಅದನ್ನು ಎತ್ತಿದಳು. ಆಮೇಲೆ ದನಿ ಇಳಿಸಿ, ನೀನು ಭಾನುವಾರ ಮನೆಗೆ ಬರುತ್ತೀ ಎಂದು ಹೇಳಿದಳು. ನೀನು ನನ್ನ ಪರವಾಗಿಯೇ ವಾದಿಸಿದೆಯಂತೆ. ‘ಅವರಿಗೆ ಎಡಗಿವಿ ಕೇಳ್ಸಲ್ಲ ಅಕ್ಕಾ, ಡಾಕ್ಟರ್ ಮಾತು ಅವರ ಕಿವಿಗೆ ಬಿದ್ದೇ ಇಲ್ಲ, ಬಿದ್ದಿದ್ರೆ ಹಾಗೆ ಮಾಡೋರಲ್ಲ’ ಅಂದೆಯಂತೆ. ನಾನು ‘ಹೌದಾ’ ಎಂದೆ. ಅಷ್ಟೇ ಹೇಳಿ ಇಟ್ಟುಬಿಟ್ಟೆ. ನೀನು ಬರುತ್ತೀ ಎಂದು ಕೇಳಿ ಕೋಣೆಯಿಂದ ಕೋಣೆಗೆ ಓಡಾಡಿದೆ. ಕೊತಾತ್ಸುವಿನ ಹೊದಿಕೆಯನ್ನು ಬಿಸಿಲಿಗೆ ಹಾಕಿದೆ, ನಿನಗಿಷ್ಟವಾದ ಉಪ್ಪಿನಲ್ಲಿ ನೆನೆಸಿದ ಸೊಪ್ಪಿನ ಭರಣಿ ತೆಗೆದು ನೋಡಿದೆ, ಇನ್ನೂ ಸಾಕಷ್ಟಿದೆ.

ತೊಮೊಯೆಗೂ ಭಾವನವರಿಗೂ ನನ್ನ ನಮಸ್ಕಾರ ತಿಳಿಸು. ಇಷ್ಟು ದಿನ ನಿನ್ನನ್ನು ಬೆಚ್ಚಗೆ ನೋಡಿಕೊಂಡದ್ದಕ್ಕೆ ಅವರಿಗೆ ನಾನು ತಲೆ ಬಾಗಿಸಿದ್ದೇನೆಂದು ಹೇಳು. ಕೈಗವಸು ಹಾಕದೆ ಅಂಗಳಕ್ಕೆ ಇಳಿಯಬೇಡ. ನಿನ್ನ ಬೆರಳುಗಳು ಗುಣವಾಗಲಿ, ಇಷ್ಟೇ ನನ್ನ ದಿನನಿತ್ಯದ ಪ್ರಾರ್ಥನೆ.

ತಲೆ ತಗ್ಗಿಸಿ,
ನಿನ್ನ ತೆತ್ಸುರೊ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಅಂಚೆಯ ಗಾಡಿ ಬರುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ನವೆಂಬರಿನ ಆ ಸಂಜೆ ನೀನು ಡಾಕ್ಟರು ಹೇಳಿದ್ದನ್ನು ಹೇಳಿದಾಗ ನನಗೆ ಕೇಳಿಸಿತ್ತು. ಪ್ರತಿ ಮಾತೂ ಕೇಳಿಸಿತ್ತು. ‘ಚಳಿ ತಾಗಿಸಿದ್ರೆ ಇನ್ನೊಂದೆರಡು ವರ್ಷಕ್ಕೆ ಮಗ್ಗದಲ್ಲಿ ಕೂರೋಕೇ ಆಗಲ್ವಂತೆ ರೀ’ ಅಂದೆ. ನಾನು ತಲೆ ಎತ್ತದೆ ಪೆಟ್ರೋಲಿನ ಲೆಕ್ಕ ಬರೆಯುತ್ತ ಕೂತೆ. ಕೇಳಿಸಿತು ಎಂದಿದ್ದರೆ ಹೀಟರು ಹಾಕಬೇಕಾಗುತ್ತಿತ್ತು. ಕಿವಿ ಕೇಳದವನೆಂದುಕೊಂಡು ನೀನು ಎರಡನೇ ಸಲ ಹೇಳಲಿಲ್ಲ. ಇದನ್ನು ಮುಚ್ಚಿಟ್ಟರೆ ಭಾನುವಾರ ನೀನು ಖಂಡಿತ ಬರುತ್ತೀ, ಅದಕ್ಕೇ ಮುಚ್ಚಿಡಲಾಗಲಿಲ್ಲ. ಈಗ ಬರುವುದೋ ಬಿಡುವುದೋ ನಿನಗೆ ಬಿಟ್ಟದ್ದು. ಬೆಳಗಿನ ರೈಲಿಗೆ ನಾನು ನಿಲ್ದಾಣದಲ್ಲಿರುತ್ತೇನೆ. ಅದರಿಂದ ನೀನು ಇಳಿಯದಿದ್ದರೆ ಯಾಕೆಂದು ಫೋನು ಮಾಡಿ ಕೇಳುವುದಿಲ್ಲ.