ಕೂಗುಗಲ್ಲಿನ ಕಾನೂನು

ಗೆರೆಶಕೆ ನೂರ ಹನ್ನೊಂದು, ಆಷಾಢದ ಮೂವತ್ತನಾಲ್ಕನೆಯ ದಿನ.

ನಮ್ಮ ಹಿರಿಯರಾದ ನಿಮಗೆ, ಕೆರೆಕೋಡಿ ಮನೆಯ ದುಂಡಮ್ಮ ಮಾಡುವ ನಮಸ್ಕಾರ.

ತಾರೀಖು ನೋಡಿ ನಗಬೇಡಿ. ಕೋವಿಗಳ ತಪಾಸಣೆಗೆಂದು ಊರೆಲ್ಲ ಬಾಗಿಲು ಹಾಕಿಕೊಳ್ಳುವ ದಿನಗಳನ್ನು ನಮ್ಮಲ್ಲಿ ದಿನಗಳೆಂದೇ ಹಿಡಿಯುವುದಿಲ್ಲ. ಅವು ಕಳೆದ ಮೇಲೆ ಅಷ್ಟೇ ದಿನಗಳನ್ನು ತಿಂಗಳ ಕೊನೆಗೆ ಬಾಲದ ಹಾಗೆ ಕಟ್ಟುತ್ತಾರೆ. ನಾನು ಬಳಸುವ ಕೆಲವು ಮಾತುಗಳೂ ನಿಮಗೆ ವಿಚಿತ್ರವಾಗಿ ಕಾಣಬಹುದು. ಬಂದಲ್ಲಿ ಬಿಡಿಸಿ ಹೇಳುತ್ತೇನೆ, ಮನ್ನಿಸಿ. ಈ ಕಾಗದ ಕಾಲದಲ್ಲಿ ಹಿಂದಕ್ಕೆ ನಡೆದು ನಿಮ್ಮನ್ನು ಹೇಗೆ ಮುಟ್ಟುತ್ತದೆಂದು ಮಾತ್ರ ಕೇಳಬೇಡಿ. ಸತ್ತವರಿಗೆ ಎಡೆ ಇಡುತ್ತೇವಲ್ಲ, ಅವರು ಬಂದು ಉಂಡದ್ದನ್ನು ಯಾರು ಕಂಡಿದ್ದಾರೆ? ಹಾಗೆಯೇ ಇದನ್ನೂ ಇಡುತ್ತಿದ್ದೇನೆ. ಎಡೆ ಸ್ವಲ್ಪ ಕಹಿಯಾಗಿದೆ, ಅದು ನಿಮ್ಮದೇ ಅಡಿಗೆ.

ಮೊದಲು ಗೆರೆ ಎಂದರೇನೆಂದು ಹೇಳಬೇಕು. ನಮ್ಮಲ್ಲಿ ಪ್ರತಿ ಮನೆಯ ಸುತ್ತಲೂ ಗೇಣಗಲ ಸುಣ್ಣದ ಗೆರೆ ಇರುತ್ತದೆ. ಅದರೊಳಗೆ ಮನೆಯ ಯಜಮಾನನ ಕೋವಿಗೆ ಯಾರ ಅಪ್ಪಣೆಯೂ ಬೇಡ. ಗೆರೆಯ ಹೊರಗೆ, ದಾರಿಯ ಕಡೆಗೆ ಒಂದು ಕಲ್ಲು ನೆಟ್ಟಿರುತ್ತಾರೆ, ಅದೇ ಕೂಗುಗಲ್ಲು. ಬಂದವರು ಆ ಕಲ್ಲಿನ ಮೇಲೆ ನಿಂತು ತಮ್ಮ ಹೆಸರು, ಮನೆ, ಬಂದ ಕೆಲಸ ಮೂರನ್ನೂ ಗಟ್ಟಿಯಾಗಿ ಕೂಗಬೇಕು. ಒಳಗಿನವರು ಹೆಸರು ಹಿಡಿದು ಕರೆದ ಮೇಲೆ ಗೆರೆ ದಾಟಬೇಕು. ನಾನು ಪಕ್ಕದ ಮನೆಗೆ ಹೆಪ್ಪು ಕೇಳಲು ಹೋದರೂ, "ರಾಚಯ್ಯನ ಮನೆಯವ್ರೇ, ನಾನು ಕೆರೆಕೋಡಿ ಮನೆ ದುಂಡಿ, ಒಂಚೂರು ಹೆಪ್ಪಿಗ ಬಂದಿವ್ನಿ" ಎಂದು ಅರಚುತ್ತೇನೆ. ರಾಚಯ್ಯ ಒಳಗಿನಿಂದ, "ಬಾ ದುಂಡಕ್ಕ, ಕೈ ಕಾಣಂಗ ಬಾ" ಎನ್ನುತ್ತಾನೆ. ಅರವತ್ತು ವರ್ಷದ ಪರಿಚಯ ನಮ್ಮದು. ಕೂಗದೆ ದಾಟಿದವರ ಮೇಲೆ ಗುಂಡು ಹಾರಿಸಿದರೆ ಅಪರಾಧವಿಲ್ಲ. ಕೂಗಿದವರ ಮೇಲೆ ಹಾರಿಸಿದರೆ ಅಪರಾಧ. ಕೋವಿಯ ಹಕ್ಕಿಗೆ ಮಿತಿ ಎಂದು ನಮ್ಮ ಕಾಲಕ್ಕೆ ಉಳಿದು ಬಂದಿರುವುದು ಇದೊಂದೇ, ನಮ್ಮ ವಕೀಲರು ಇದನ್ನು ದೇವರ ಹಾಗೆ ಪೂಜಿಸುತ್ತಾರೆ.

ಇದು ಎಲ್ಲಿಂದ ಶುರುವಾಯಿತೆಂದು ನಮಗೆ ಶಾಲೆಯಲ್ಲಿ ಬಾಯಿಪಾಠ ಮಾಡಿಸುತ್ತಾರೆ. ನಿಮ್ಮ ಕಾಲದಲ್ಲಿ ಬೆಳೆ ಕಾಯುವ ಕೋವಿಗೂ ದೊಡ್ಡ ಆಫೀಸಿನಿಂದ ಲೈಸೆನ್ಸು ಬೇಕಿತ್ತಂತೆ. ಚುನಾವಣೆ ಬಂದರೆ ಕೋವಿಯನ್ನು ಠಾಣೆಗೆ ಒಪ್ಪಿಸಿ ಬರಬೇಕಿತ್ತಂತೆ. ಹಾಗೆ ಒಪ್ಪಿಸಿದ ಒಂದು ವರ್ಷ, ನಿಮ್ಮ ಮುಂದೆ ಬರಲಿರುವ ವರ್ಷ ಅದು, ನಮ್ಮ ಕಾಡಂಚಿನ ಊರುಗಳಲ್ಲಿ ಹಂದಿಗಳು ಮುಸುಕಿನ ಜೋಳವನ್ನು ಬುಡಸಮೇತ ಎತ್ತಿ ಹಾಕುತ್ತವೆ. ಜನ ರೊಚ್ಚಿಗೇಳುತ್ತಾರೆ. ಆ ಸಿಟ್ಟು ನ್ಯಾಯವಾದದ್ದೇ, ಇಲ್ಲವೆನ್ನುವುದಿಲ್ಲ. ತನ್ನ ಗೆರೆಯೊಳಗೆ ತನ್ನ ಹೊಲ ಕಾಯಲು ಲೈಸೆನ್ಸು ಬೇಡ ಎಂದು ಕಾಯ್ದೆಯಾಗುತ್ತದೆ. ಎಲ್ಲರೂ ಹೋಳಿಗೆ ಮಾಡಿಕೊಂಡು ತಿನ್ನುತ್ತಾರೆ. ಆಮೇಲೆ ಪಟ್ಟಣದವರು, ನಮಗೆ ಹೊಲವಿಲ್ಲದಿದ್ದರೇನು, ಮನೆಯಿಲ್ಲವೇ ಎನ್ನುತ್ತಾರೆ. ಊರಿಗೆಲ್ಲ ಕೊಟ್ಟ ಮೇಲೆ ಅವರಿಗೆ ಇಲ್ಲವೆನ್ನಲಾಗುತ್ತದೆಯೇ? ಹೊಲ ಎಂದಿದ್ದಲ್ಲಿ ಸ್ವತ್ತು ಬರುತ್ತದೆ. ಹಂದಿ ಎಂದಿದ್ದಲ್ಲಿ ಅತಿಕ್ರಮಿ ಬರುತ್ತಾನೆ. ಪ್ರತಿ ಸಲವೂ ಒಂದೊಂದೇ ಮಾತು, ಪ್ರತಿ ಸಲವೂ ಬಹುಮತ. ಬೇಲಿಯೇ ಎದ್ದು ಹೊಲ ಮೇಯಿತು ಎನ್ನುತ್ತೀರಲ್ಲ, ನಮ್ಮಲ್ಲಿ ಅದು ಹೊಲ ಮುಗಿಸಿ ಮನೆಯೊಳಕ್ಕೂ ಬಂತು. ನಡುವೆ ಯಾರೋ ಪುಣ್ಯಾತ್ಮರು, ಮನುಷ್ಯರು ಸಾಯುತ್ತಿದ್ದಾರೆ, ಕೂಗಿದವರನ್ನಾದರೂ ಬಿಡಿ ಎಂದು ಬೇಡಿಕೊಂಡದ್ದರಿಂದ ಈ ಕೂಗುಗಲ್ಲಿನ ಕಾನೂನು ಹುಟ್ಟಿತು.

ನಮ್ಮ ಬದುಕು ಹೇಗಿದೆ ಎಂದು ಕೇಳುತ್ತೀರಾ? ನಿಮ್ಮ ಮನೆಗಳಿಗೆ ಜಗಲಿ ಇತ್ತೆಂದು ಓದಿದ್ದೇನೆ, ದಾರಿಹೋಕರು ಅಲ್ಲಿ ಕೂತು ನೀರು ಕೇಳುತ್ತಿದ್ದರಂತೆ. ನನಗೆ ಅದು ಅಡುಗೂಲಜ್ಜಿಯ ಕಥೆಯ ಹಾಗೆ ಕೇಳಿಸುತ್ತದೆ. ನಮ್ಮ ಗೋಡೆಗಳಿಗೆ ಕಿಟಕಿಯಿಲ್ಲ, ಕೋವಿಯ ತುದಿ ತೂರುವಷ್ಟು ಕಂಡಿ ಇದೆ. ಅದರಲ್ಲಿ ಯಾರ ಮುಖವೂ ಪೂರ್ತಿ ಕಾಣುವುದಿಲ್ಲ. ಕಾನೂನು ಮುಖ ನೋಡು ಎಂದು ಎಲ್ಲಿಯೂ ಹೇಳಿಲ್ಲ, ಕೂಗು ಕೇಳು ಎಂದಿದೆ. ಹಾಗಾಗಿ ನಾವು ಕೇಳಿ ಹಾರಿಸುವವರು, ನೋಡಿ ಹಾರಿಸುವ ಅಭ್ಯಾಸ ತಪ್ಪಿಹೋಗಿದೆ. ಹಾಲಿನವನು ಹಗ್ಗಕ್ಕೆ ಕ್ಯಾನು ಕಟ್ಟಿ ಹೋಗುತ್ತಾನೆ, ನಾವು ಎಳೆದುಕೊಳ್ಳುತ್ತೇವೆ. ಶಾಲೆಯಲ್ಲಿ ಅಕ್ಷರಕ್ಕಿಂತ ಮೊದಲು ಕೂಗು ಕಲಿಸುತ್ತಾರೆ. ಹೆಣ್ಣು ನೋಡಲು ಬಂದವರು ಹುಡುಗಿಯ ಬಣ್ಣ ಕೇಳುವುದಿಲ್ಲ, ಗಂಟಲು ಕೇಳುತ್ತಾರೆ. ನೆಗಡಿಯಾದವರು ಮನೆ ಬಿಟ್ಟು ಹೊರಡುವುದಿಲ್ಲ. ಹೊರಟವರಲ್ಲಿ ಕೆಲವರು ತಿರುಗಿ ಬರುವುದಿಲ್ಲ.

ರಾಚಯ್ಯನ ಭಾವಮೈದುನನಿಗೆ ಆದದ್ದು ಅದೇ. ಅವನಿಗೆ ದವಡೆ ಹಲ್ಲು ನೋವು. ಅಕ್ಕನ ಮನೆಯಲ್ಲಿ ಲವಂಗದ ಎಣ್ಣೆ ಇರುತ್ತದೆಂದು ಬಂದಿದ್ದಾನೆ. ಕೆನ್ನೆ ಬಾತು ಬಾಯಿ ಬಿಡಲಾಗದೆ ಕಲ್ಲಿನ ಮೇಲೆ ನಿಂತು ಏನೋ ನರಳಿದ್ದಾನೆ. ಅಷ್ಟು ಸಾಕು, ಸ್ವಂತ ಮನೆಯವರಲ್ಲವೇ ಎಂದುಕೊಂಡು ಗೆರೆ ದಾಟಿದ್ದಾನೆ. ಒಳಗಿದ್ದ ರಾಚಯ್ಯನಿಗೆ ಕೇಳಿದ್ದು ಬರೀ ಹೆಜ್ಜೆ ಸದ್ದು. ವಿಚಾರಣೆ ಒಂದು ಹೊತ್ತೂ ನಡೆಯಲಿಲ್ಲ, ಸತ್ತವನು ಕೂಗಿರಲಿಲ್ಲ ಎಂದು ಮುಗಿಸಿದರು. ಹೆಣದ ಮುಂದೆ ಎಲ್ಲರಿಗಿಂತ ಗಟ್ಟಿಯಾಗಿ ಅತ್ತವನು ರಾಚಯ್ಯನೇ. ಅವನು ಒಳ್ಳೆಯವನು. ನಮ್ಮಲ್ಲಿ ಕೊಂದವರೆಲ್ಲ ಸಾಮಾನ್ಯವಾಗಿ ಒಳ್ಳೆಯವರೇ.

ಇನ್ನು ನನ್ನ ಮೊಮ್ಮಗಳ ವಿಷಯ. ಅದಕ್ಕಾಗಿಯೇ ಬರೆಯಲು ಕೂತದ್ದು.

ಅವಳ ಹೆಸರು ಹೊಂಬಾಳೆ, ನನ್ನ ಮಗನ ಮಗಳು. ಕಿವಿ ಚುರುಕು, ಬುದ್ಧಿ ಇನ್ನೂ ಚುರುಕು. ಬಾಯಿ ಮಾತ್ರ ಬರುವುದಿಲ್ಲ. ಹುಟ್ಟಿದಾಗ ಅತ್ತದ್ದೂ ಸದ್ದಿಲ್ಲದೆ. ಏಳು ತುಂಬುವವರೆಗೆ ನಮಗೆ ಭಯವಿರಲಿಲ್ಲ, ಏಕೆಂದರೆ ಅಷ್ಟರವರೆಗೆ ಮಕ್ಕಳಿಗೆ ಗೆಜ್ಜೆಮಾಫಿ ಇದೆ. ಕಾಲಿಗೆ ಗೆಜ್ಜೆ ಕಟ್ಟಿದ ಮಗು ಕೂಗದೆಯೇ ಯಾವ ಗೆರೆಯನ್ನಾದರೂ ದಾಟಬಹುದು. ಅವಳು ಝಲ್ ಝಲ್ ಎಂದು ದಿನಕ್ಕೆ ಹತ್ತು ಸಲ ರಾಚಯ್ಯನ ಮನೆಗೆ ಓಡುತ್ತಿದ್ದಳು, ಚಿಕ್ಕತಾಯಿ ಎಂಬ ಅವನ ಮೊಮ್ಮಗಳ ಜೊತೆ ಅಳಗುಳಿಮಣೆ ಆಡಲು. ಏಳು ತುಂಬಿದ ದಿನ ಗೆಜ್ಜೆ ಬಿಚ್ಚಬೇಕು. ಬಿಚ್ಚಿದ ಮೇಲೆ ಅವಳೂ ಎಲ್ಲರ ಹಾಗೆ ಕೂಗಬೇಕು. ಎಲ್ಲಿಂದ ಕೂಗುತ್ತಾಳೆ?

ಹೋದ ವರ್ಷವೇ ರಾಚಯ್ಯ ನಮ್ಮ ಕಲ್ಲಿನ ಮೇಲೆ ನಿಂತು ಕೂಗಿ, ಒಳಗೆ ಬಂದು, ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತ. "ದುಂಡಕ್ಕ, ನನ್ನ ಕೈ ನನ್ನ ಮಾತ ಕೇಳದಿಲ್ಲ ಕನಕ್ಕ. ಹೆಜ್ಜೆ ಸದ್ದಾದ್ರ ತಾನೇ ಹೋಯ್ತದ. ನಿನ್ನ ಕೂಸು ನನ್ನ ಕೈಲಿ ಹೋಗದು ಬ್ಯಾಡ. ಏನಾರ ದಾರಿ ನೋಡು, ನಿನ್ನ ಕಾಲ್ಗ ಬೀಳ್ತಿನಿ" ಎಂದು ನಿಜವಾಗಿಯೂ ಬಿದ್ದ. ನನಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು, ಅಯ್ಯೋ ಅನ್ನಿಸಿತು. ಕೋವಿಯನ್ನು ಕೆಳಗಿಡು ಎನ್ನಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅದು ನಿಮ್ಮ ಕಾಲದವರಿಗೆ ಹೊಳೆಯುವ ಮಾತು. ಅವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಮಗ ಸೊಸೆ ಇಬ್ಬರೂ ಕೋರ್ಟಿಗೆ ಅಲೆದರು. ಮಗುವಿಗೆ ಗೆಜ್ಜೆಯನ್ನು ಮುಂದುವರಿಸಿ ಎಂದು ಕೇಳಿಕೊಂಡರು. ಹಿಂದೆ ಕಳ್ಳರು ಗೆಜ್ಜೆ ಕಟ್ಟಿಕೊಂಡು ಬಂದದ್ದುಂಟು, ಆದ್ದರಿಂದ ಏಳರ ಮೇಲೆ ಗೆಜ್ಜೆ ವಂಚನೆ ಎಂದಿತು ಕೋರ್ಟು. ಹಾಗಾದರೆ ಜೊತೆಗೆ ಬಂದವರು ಅವಳ ಪರವಾಗಿ ಕೂಗುತ್ತಾರೆ ಎಂದು ಇವರು ಬೇಡಿದರು. ಒಬ್ಬರ ಕೂಗಿನ ಮೇಲೆ ಇನ್ನೊಬ್ಬರು ದಾಟುವಂತಿಲ್ಲ ಎಂದಿತು ಕೋರ್ಟು. ಗಂಟೆ? ಪೀಪಿ? ತಮಟೆ? ಅವು ಯಾವುವೂ ಕಾಯ್ದೆಯಲ್ಲಿಲ್ಲ. ಹುಡುಗಿಯನ್ನು ಮನೆಯಲ್ಲೇ ಇಟ್ಟುಕೊಳ್ಳಿ ಎಂದು ಎದುರು ವಕೀಲ ನಗುತ್ತ ಬುದ್ಧಿ ಹೇಳಿದನಂತೆ. ಸೊಸೆ ಆ ದಿನ ಬಂದವಳು ಊಟ ಮಾಡಲಿಲ್ಲ.

ಕಡೆಗೆ ಮೊನ್ನೆ ತೀರ್ಪು ಬಂತು. ನ್ಯಾಯಾಧೀಶರು ಮರುಗಿದರಂತೆ, ಕಣ್ಣೊರೆಸಿಕೊಂಡರಂತೆ. ಕಾಯ್ದೆಯನ್ನೆಲ್ಲ ತಡಕಾಡಿ ಅವರಿಗೆ ಒಂದೇ ಒಂದು ದಾರಿ ಸಿಕ್ಕಿತು. ಕೋವಿ ಹೊಂದುವ ಹಕ್ಕಿಗೆ ವಯಸ್ಸಿನ ಮಿತಿ ಎಲ್ಲಿಯೂ ಇಲ್ಲ. ಇದ್ದದ್ದನ್ನು ಯಾವ ಕಾಲದಲ್ಲೋ ಯಾರೋ ತೆಗೆಸಿದ್ದಾರೆ. ಆದ್ದರಿಂದ ಬಾಯಿ ಬಾರದ ಮಗು ಸ್ವಂತ ಕೋವಿ ಇಟ್ಟುಕೊಳ್ಳಬಹುದು, ಕಲ್ಲಿನ ಮೇಲೆ ನಿಂತು ಆಕಾಶಕ್ಕೆ ಹಾರಿಸಿದರೆ ಅದನ್ನೇ ಕೂಗೆಂದು ತಿಳಿಯತಕ್ಕದ್ದು. ಬರೀ ಸದ್ದು ಮಾಡುವ ಹುಸಿಗುಂಡು ಸಾಲದೇ ಎಂದು ನನ್ನ ಮಗ ಕೈಮುಗಿದು ಕೇಳಿದ. ಕೊಲ್ಲಲಾರದ್ದು ಆಟಿಕೆ, ಆಟಿಕೆಗೆ ಕಾನೂನಿನಲ್ಲಿ ಹಕ್ಕಿಲ್ಲ ಎಂದರು. ಊರಿನವರು ಬಂದು ಕಲ್ಲಿನ ಮೇಲೆ ನಿಂತು ಶುಭಾಶಯ ಕೂಗಿ ಹೋದರು. ಕೆಲವರು ಬೆಲ್ಲ ಕಳಿಸಿದರು. ನಾವು ಗೆದ್ದಿದ್ದೇವೆಂದು ಎಲ್ಲರ ಲೆಕ್ಕ.

ಈಗ ನನ್ನ ಬೇಡಿಕೆ ಕೇಳಿ. ಆ ಕಾಯ್ದೆ ನಿಮ್ಮಲ್ಲಿ ಇನ್ನೂ ಹುಟ್ಟಿಲ್ಲ. ಹಂದಿ ಬಂದ ವರ್ಷ ನಿಮಗೂ ಸಿಟ್ಟು ಬರುತ್ತದೆ, ಬರಲಿ. ಪರಿಹಾರ ಕೇಳಿ, ಕಾವಲಿಗೆ ಜನ ಕೇಳಿ, ಲೈಸೆನ್ಸಿಗೆ ವರ್ಷಗಟ್ಟಲೆ ಕಾಯಿಸಬೇಡಿ ಎಂದು ಆಫೀಸಿನ ಮುಂದೆ ಮಲಗಿಬಿಡಿ. ಆದರೆ ಮಿತಿ ತೆಗೆಯಿರಿ ಎಂದು ಯಾರಾದರೂ ಎದ್ದು ನಿಂತಾಗ, ಅದು ಎಷ್ಟೇ ಚಿಕ್ಕ ಮಾತಾಗಿರಲಿ, ಎಷ್ಟೇ ನ್ಯಾಯವಾಗಿ ಕಾಣಲಿ, ಕೈ ಎತ್ತುವ ಮುಂಚೆ ಒಂದು ಪ್ರಶ್ನೆ ಕೇಳಿ: ಇದರ ಎದುರಿಗೆ ಮಾತು ಬಾರದವರು ಬಂದು ನಿಂತರೆ ಏನಾಗುತ್ತದೆ? ಉತ್ತರ ಸಿಗುವವರೆಗೆ ಕೈಯನ್ನು ತೊಡೆಯ ಮೇಲೇ ಇಟ್ಟುಕೊಳ್ಳಿ. ನೀವು ಹಾಗೆ ಮಾಡಲಾರಿರಿ ಎಂದು ನನಗೆ ಗೊತ್ತು. ಮಾಡಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಆದರೂ ಹೆತ್ತ ಹೊಟ್ಟೆ ಕೇಳಬೇಕಲ್ಲ.

ನಿನ್ನೆ ಹೊಂಬಾಳೆಗೆ ಏಳು ತುಂಬಿತು. ಅವಳ ಅಮ್ಮ ಗೆಜ್ಜೆ ಬಿಚ್ಚಿದಳು, ಅಪ್ಪ ಕೋವಿ ಕೊಟ್ಟ. ಅವಳೇ ಅದನ್ನು ಹೊತ್ತು ರಾಚಯ್ಯನ ಕೂಗುಗಲ್ಲು ಹತ್ತಿದಳು. ನಾನು ದಾರಿಯಲ್ಲಿ ನಿಂತಿದ್ದೆ. ಹಾರಿಸಿದ ಹೊಡೆತಕ್ಕೆ ಹಿಂದಕ್ಕೆ ಕುಂಡೆಯೂರಿ ಬಿದ್ದಳು. ಮರದಿಂದ ಹಕ್ಕಿಗಳೆಲ್ಲ ಎದ್ದವು. ಆಮೇಲೆ ಒಳಗಿನಿಂದ ರಾಚಯ್ಯನ ಒಡೆದ ದನಿ ಬಂತು: "ಬಾರವ್ವ ಹೊಂಬಾಳೆ, ಕೈ ಕಾಣಂಗ ಬಾ."

ಅವಳು ನನ್ನ ಕಡೆ ತಿರುಗಿ ನೋಡಿದಳು. ಹುಟ್ಟಿದಂದಿನಿಂದ ಅವಳು ಏನೋ ಹೇಳಿ, ಅದಕ್ಕೆ ಮನೆಯ ಹೊರಗಿನವರು ಹೆಸರು ಹಿಡಿದು ಮಾರುತ್ತರ ಕೊಟ್ಟದ್ದು ಇದೇ ಮೊದಲು. ಅಂಥ ನಗುವನ್ನು ನಾನು ಆ ಮುಖದ ಮೇಲೆ ಎಂದೂ ಕಂಡಿರಲಿಲ್ಲ. ಚಿಕ್ಕತಾಯಿ ಬಾಗಿಲಲ್ಲಿ ಕೈ ಬೀಸುತ್ತಿದ್ದಳು. ನನ್ನ ಮೊಮ್ಮಗಳು ಒಳಗೆ ಹೋಗಲಿಲ್ಲ. ಎದ್ದು, ಲಂಗ ಕೊಡವಿ, ಕಲ್ಲಿನ ಮೇಲೆ ಮತ್ತೆ ನಿಂತು, ಇನ್ನೊಂದು ಸಲ ಕರೆಸಿಕೊಳ್ಳಲೆಂದು ಕೋವಿಗೆ ಗುಂಡು ತುಂಬತೊಡಗಿದಳು.

ನಿಮ್ಮ ಕರುಳಿನವಳೇ ಆದ
ದುಂಡಮ್ಮ