ಬರಿಗಾಲಿನ ಬ್ಯಾಂಡು

ನನ್ನ ದೊಡ್ಡಪ್ಪನಿಗೆ,

ಗಿಟಾರು, ಡ್ರಮ್ಮು ಹೊತ್ತು ನಮ್ಮ ರಾಕ್ ಬ್ಯಾಂಡಿನ ನಾಲ್ಕು ಜನ ಚಳ್ಳಕೆರೆಯಲ್ಲಿ ಜಾಗಕ್ಕಾಗಿ ಅಲೆಯುತ್ತಿದ್ದಾಗ, ನಿನ್ನ ಕಂಬಳಿ ಮಗ್ಗದ ಶೆಡ್ಡು ತೆರೆದುಕೊಟ್ಟವನು ನೀನು. ನಮ್ಮ ಗದ್ದಲ ನಿನಗೆ ಒಂದಿಷ್ಟೂ ಹಿಡಿಸುತ್ತಿರಲಿಲ್ಲ, ಗೊತ್ತು ನನಗೆ. ಆದರೂ ಸದ್ದು ಹೊರಗೆ ಹೋಗದಂತೆ ಗೋಡೆಗೆಲ್ಲ ಕಂಬಳಿ ಇಳಿಬಿಟ್ಟೆ. ಜಾರುತ್ತಿದ್ದ ಡ್ರಮ್ಮಿನ ಕೆಳಗೂ ಒಂದು ಹಾಸಿದೆ. ಅಲ್ಲಿಂದ ಶುರುವಾಯಿತಲ್ಲ ಅವ್ವನ ಜಗಳ...

"ಹಟ್ಟಿಯಾಗೆ ದೇವರಿಗೆ, ಹಿರೇರಿಗೆ ಹಾಸೋ ಕಂಬಳಿ ಇದು. ಇವರು ತುಳಿದು ಕುಣಿಯೋಕಾ?" ಎಂದಳು ಅವ್ವ. ನೀನು ಬೀಡಿ ಆರಿಸಿ, "ಚಪ್ಪಲಿ ಬಿಟ್ಟು ಬಾರಿಸ್ಲಿ ಬಿಡಮ್ಮ, ಅವ್ರದ್ದೂ ಒಂದು ಪೂಜೇನೇ" ಎಂದೆ. ಅವ್ವ ಒಪ್ಪಲಿಲ್ಲ. ನಮ್ಮ ಒಂದು ಕಾರ್ಯಕ್ರಮಕ್ಕೂ ಬರಲಿಲ್ಲ.

ದಾವಣಗೆರೆಯ ಸ್ಪರ್ಧೆ ನೆನಪಿದೆಯಾ? ನಮ್ಮ ಡ್ರಮ್ಮರ್ ಓಬಳೇಶ ಹೊಸ ಬೂಟು ಹಾಕಿಕೊಂಡು ಹೀರೋ ಥರ ಕೂತಿದ್ದ. ವರ್ಷವಿಡೀ ಬರಿಗಾಲಲ್ಲಿ ಪೆಡಲು ಒತ್ತಿದವನಿಗೆ ಬೂಟಿನೊಳಗಿಂದ ಪೆಡಲೇ ಸಿಗಲಿಲ್ಲ. ನನ್ನ ಹಾಡು ಮುಂದೆ, ಅವನ ತಾಳ ಹಿಂದೆ. ಮೊದಲ ಸುತ್ತಿನಲ್ಲೇ ಮನೆಗೆ ಕಳಿಸಿದರು. ಬಂದರೆ ನೀನು ಹೊಟ್ಟೆ ಹಿಡಿದು ನಕ್ಕೆ. "ಲೇ ಓಬಳೇಶ, ನೇಯೋನು ಬೂಟ್ ಹಾಕ್ಕೊಂಡು ಮಗ್ಗದ ಗುಂಡಿಗೆ ಇಳೀತಾನೇನಲೇ? ತುಳಿಯೋ ಮಣೆ ಕಾಲಿಗೆ ಗೊತ್ತಾಗಬ್ಯಾಡ್ವಾ?"

ಅಂದಿನಿಂದ ಎಲ್ಲಿ ಹೋದರೂ ಕಂಬಳಿ, ಬರಿಗಾಲು. ಮೊಳಕಾಲ್ಮೂರಿನಲ್ಲಿ ಹುಡುಗರು ತೆಲುಗು, ಕನ್ನಡ ಬೆರೆಸಿ "ಇಂಕೊಕಟಿ, ಇನ್ನೊಂದು ಹಾಡ್ರೀ" ಎಂದು ಬಿಡದೆ ಕೂಗಿದ ದಿನ ನಾವು ಗೆದ್ದೆವು ಅನ್ನಿಸಿತು. ಚೆನ್ನಾಗಿಯೇ ಬಾರಿಸಿದೆವು, ಸುಳ್ಳೇಕೆ ಹೇಳಲಿ?

ನೀನು ತೀರಿಹೋದ ವಾರವೇ ಅವ್ವ ಶೆಡ್ಡಿಗೆ ಬೀಗ ಹಾಕಿದಳು. "ಬಾವನೋರೇ ಇಲ್ಲ, ಇನ್ನ್ಯಾಕೆ? ಸಾಕು ಮಾಡ್ರಿ." ನಾನೂ ಹಟಮಾರಿಯೇ, ನೀನು ಸಾಕಿದವಳಲ್ಲವಾ? ಚಳ್ಳಕೆರೆಯಲ್ಲೇ ಒಂದು ಕಾರ್ಯಕ್ರಮ ಒಪ್ಪಿಕೊಂಡು, "ಇದೊಂದು ಬಂದು ಕೇಳವ್ವ. ಆಮೇಲೂ ಬ್ಯಾಡ ಅಂದ್ರೆ ಬಿಟ್ಬಿಡ್ತೀನಿ" ಎಂದೆ. ಅವಳು ಬೀಗದ ಕೈ ಸೆರಗಿಗೆ ಗಂಟು ಹಾಕಿಕೊಂಡು ಒಳಗೆ ಹೋದಳು. ಆ ಹೊತ್ತಿಗೆ ನೀನಿರಬೇಕಿತ್ತು ಅನ್ನಿಸಿ ಅತ್ತುಬಿಟ್ಟೆ.

ಈಗ ಸುದ್ದಿ ಕೇಳು. ಮೊನ್ನೆ ಭಾನುವಾರ ಡ್ರಮ್ಮು ಜೋಡಿಸಬೇಕು, ಕಂಬಳಿಯೇ ಇಲ್ಲ. ಅದು ಬೀಗದೊಳಗಿತ್ತು. ಓಬಳೇಶ ನನ್ನ ಮುಖ ನೋಡುತ್ತಿದ್ದ. ಅಷ್ಟರಲ್ಲಿ ಅವ್ವ ಬಂದಳು, ನೀನು ನೇಯ್ದ ಕರಿಕಂಬಳಿ ಹೆಗಲ ಮೇಲೆ ಹಾಕಿಕೊಂಡು. ಚಪ್ಪಲಿ ಕೆಳಗೆ ಬಿಟ್ಟು ವೇದಿಕೆ ಹತ್ತಿದಳು. ತಾನೇ ಹಾಸಿದಳು, ಸುಕ್ಕು ತೀಡಿದಳು. ಓಬಳೇಶನಿಗೆ, "ಕಾಲು ತೊಳ್ಕಂಡೀಯೇನಲೇ?" ಎಂದಳು.

ಮುಂದಿನ ಸಾಲಿನಲ್ಲಿ ಕೂತು ಕೊನೆಯವರೆಗೂ ಕೇಳಿದಳು, ದೊಡ್ಡಪ್ಪ. ಆಮೇಲೆ ನನ್ನ ಹತ್ತಿರ ಬಂದು, "ಕಿವಿ ಹೋದ್ವು ಕಣೆ" ಎನ್ನುತ್ತ ಶೆಡ್ಡಿನ ಬೀಗದ ಕೈ ನನ್ನ ಅಂಗೈಯಲ್ಲಿ ಇಟ್ಟಳು.